ಬೆನ್ನ ಮೇಲೆ ಬಿಳಿ ಕೈ

ಈ ಶಟರಿಗೂ ಇವತ್ತೇ ಮೊಂಡಾಟ ಬೇಕಿತ್ತು, ಅರ್ಧಕ್ಕೆ ಬಂದು ಕಚ್ಚಿಕೊಂಡಿದೆ, ಮೇಲಕ್ಕೂ ಹೋಗದು ಕೆಳಕ್ಕೂ ಇಳಿಯದು, ಥೇಟ್ ನನ್ನ ಭುಜದ ಹಾಗೇ — ಇವಳು ಎಡಗೈಯಿಂದ ಇನ್ನೊಂದು ಸಲ ನೂಕಿದಳು, ಕಿರ್ರೆಂದಿತು, ಅಷ್ಟೇ, ಇರಲಿ ಬಿಡು, ಬಗ್ಗಿ ನುಗ್ಗಿದರಾಯಿತು, ಬರುವವರೆಲ್ಲ ಜಿಮ್ನಾಸ್ಟಿಕ್ಸ್ ಹುಡುಗಿಯರು, ಬಗ್ಗುವುದು ಬಾಗುವುದು ಅವಕ್ಕೇನು ಕಷ್ಟ, ಬಗ್ಗಿ ಉಸ್ಸೆನ್ನುವುದು ಅವಕ್ಕೆ ಕಲಿಸುವವಳು ಮಾತ್ರ. ಒಳಗೆ ಅರೆಗತ್ತಲೆ, ಹಗಲಿಡೀ ಕಾದ ತಗಡಿನ ಶೆಡ್ಡಿನ ಬಿಸಿ, ಹಳೆಯ ರಬ್ಬರು, ಅಂಗಾಲಿನ ಬೆವರು, ಬಿಳಿ ಪುಡಿಯ ಒಣ ಘಾಟು, ನಿನ್ನ ದಿಂಬಿಗೂ ಆ ಶೆಡ್ಡಿನ ವಾಸನೆ ಹತ್ತಿದೆ ಕಣೇ ಎನ್ನುತ್ತಾನೆ ಗಂಡ, ಹತ್ತದೆ ಏನು, ಮದುವೆಗಿಂತ ಹಳೆಯದು ಈ ವಾಸನೆ. ಲೈಟಿನ ಸ್ವಿಚ್ಚು ಎತ್ತರದಲ್ಲಿದೆ, ಯಾವ ಪುಣ್ಯಾತ್ಮ ಅಲ್ಲಿ ಕೂರಿಸಿದನೋ, ಬಲಗೈ ಅಭ್ಯಾಸಬಲದಿಂದ ತಾನಾಗಿಯೇ ಎದ್ದು ಎದೆಯ ಮಟ್ಟದಲ್ಲಿ ನಿಂತುಬಿಟ್ಟಿತು, ಭುಜದೊಳಗೆ ಯಾರೋ ಬಿಸಿ ತಂತಿ ಎಳೆದ ಹಾಗೆ, ಅಮ್ಮಾ, ಸರಿ ಸರಿ, ನೀನು ಕೆಳಗೇ ಇರು ಮಹಾರಾಯ, ಎಡಗೈ ಬಂತು, ಲೈಟು ಹತ್ತಿತು, ಎದುರು ಗೋಡೆಯ ಉದ್ದ ಕನ್ನಡಿಯಲ್ಲಿ ಒಬ್ಬ ನಡುವಯಸ್ಸಿನ ಹೆಂಗಸು, ಕಪ್ಪು ಟ್ರ್ಯಾಕ್ ಪ್ಯಾಂಟು, ಕೊರಳಲ್ಲಿ ಸೀಟಿ, ತಲೆಯ ಹಿಂದೆ ಒಂದು ಮೂಟೆ. ಮೂಟೆಯೇ, ಜುಟ್ಟು ಅನ್ನುವ ಹಾಗಿಲ್ಲ, ಬೆಳಿಗ್ಗೆ ಕಟ್ಟಿದ್ದು ಗಂಡ, ಪಾರ್ಸೆಲ್ ಆಫೀಸಿನಲ್ಲಿ ಗಂಟು ಮೂಟೆ ಕಟ್ಟುವ ಕೈ ಅದು, ಬಾಚಣಿಗೆ ಹಿಡಿದು ಹಲ್ಲು ಕಚ್ಚಿಕೊಂಡು ನಿಂತಿದ್ದ, ಅಲ್ಲಾಡಬೇಡ್ವೇ, ಸಡಿಲ ಆದ್ರೆ ದಾರಿಯಲ್ಲಿ ಬಿಚ್ಕೊಳ್ಳುತ್ತೆ, ಬಿಚ್ಕೊಂಡ್ರೆ ಯಾರಿಗೆ ವಾಪಸ್ ಕಳಿಸ್ತಾರೆ ಅಂದೆ, ಇಬ್ಬರೂ ನಕ್ಕೆವು, ಆಮೇಲೆ ನಗು ನಿಂತಿತು, ಹೇಳ್ಬಿಡೇ ಅಂದ, ಇವತ್ತಾದ್ರೂ ಕೈ ಏಳಲ್ಲ ಅಂತ ಕ್ಲಬ್ಬಿನವರಿಗೆ ಹೇಳ್ಬಿಡು, ನಾನಾಗಿದ್ರೆ ಇಷ್ಟು ಹೊತ್ತಿಗೆ ರಜ ಹಾಕಿ ಮಲಗಿರ್ತಿದ್ದೆ. ಹೇಳುವುದು ಅಷ್ಟು ಸುಲಭವಾಗಿದ್ದರೆ ಇಷ್ಟು ದಿನ ಬಾಯಿಗೆ ಬೀಗ ಹಾಕಿಕೊಂಡು ಯಾಕೆ ಓಡಾಡುತ್ತಿದ್ದೆ.

ಮ್ಯಾಟುಗಳನ್ನು ಕಾಲಿನಿಂದ ತಳ್ಳಿ ಸಾಲು ಮಾಡಬಹುದು, ಒಂದಕ್ಕೊಂದು ಸೇರುವ ಕಡೆ ಸಂದು ಬಿಡಬಾರದು, ಹೆಬ್ಬೆರಳು ಸಿಕ್ಕಿಕೊಳ್ಳುತ್ತದೆ, ಪೊರಕೆ ಎಡಗೈಯಲ್ಲಿ ಹಿಡಿದರೆ ಕಸ ಎಲ್ಲೆಲ್ಲೋ ಹೋಗುತ್ತದೆ, ಎಡಗೈ ಎಂಬುದು ಇಷ್ಟು ವರ್ಷ ಬರೀ ಜೊತೆಗೆ ತೂಗಾಡಿಕೊಂಡು ಬಂದ ಪುಕ್ಕಟೆ ನೆಂಟ, ಈಗ ಕೆಲಸ ಹೇಳಿದರೆ ಮುಖ ಮುಖ ನೋಡುತ್ತದೆ. ಭುಜದ ಡಾಕ್ಟರು ಒಳಗಿನ ಚಿತ್ರವನ್ನು ಬೆಳಕಿಗೆ ಹಿಡಿದು ತೋರಿಸಿದ್ದರು, ನೋಡಿ, ಹಳೇ ಹಗ್ಗ ಎಳೆ ಎಳೆಯಾಗಿ ಹರಿದಿರುತ್ತಲ್ಲ, ಹಾಗಿದೆ, ಭಾರ ಎತ್ತಲೇಬೇಡಿ, ಒಂದಿನ ಇದ್ದಕ್ಕಿದ್ದ ಹಾಗೆ ಕೈ ಏಳೋದೇ ನಿಂತುಹೋಗುತ್ತೆ, ಅಂದ ಹಾಗೆ ಏನು ಕೆಲಸ ನಿಮ್ದು. ಹುಡುಗೀರನ್ನ ಎತ್ತೋದು, ಅಂದಿದ್ದಳು ಇವಳು. ಡಾಕ್ಟರು ಕನ್ನಡಕ ತೆಗೆದು ನೋಡಿದರು. ಪಲ್ಟಿ ಹಾಕುವಾಗ ಬೆನ್ನಿಗೆ ಕೈ ಕೊಡಬೇಕು ಡಾಕ್ಟ್ರೇ, ಕಲಿಯುವ ತನಕ. ಹಾಗಾದ್ರೆ ಸಣಕಲು ಹುಡುಗೀರನ್ನ ಸೇರಿಸ್ಕೊಳ್ಳಿ, ಅಂತ ತಮಾಷೆ ಮಾಡಿದರು, ಪಾಪ, ಒಳ್ಳೆಯವರೇ, ಅವರಿಗೇನು ಗೊತ್ತು, ಹಿಂದಕ್ಕೆ ಹಾರುವ ಹುಡುಗಿಗೆ ತೂಕ ಬೇರೆಯೇ ಇರುತ್ತದೆ, ತಕ್ಕಡಿಯಲ್ಲಿ ತೂಗುವ ತೂಕ ಅಲ್ಲ ಅದು, ಹೆದರಿಕೆಯೂ ಸೇರಿದ ತೂಕ, ನೆಲ ಕಾಣದೆ ಹಿಂದಕ್ಕೆ ಬೀಳುವವಳು ಇಡೀ ಜೀವವನ್ನು ತಂದು ಅಂಗೈಯಲ್ಲಿ ಹಾಕುತ್ತಾಳೆ. ಅದನ್ನು ಇಷ್ಟು ವರ್ಷ ಹಿಡಿದಿದ್ದೇನೆ, ಒಂದೂ ಬಿದ್ದಿಲ್ಲ, ಒಂದೂ. ಸಾಕಾಗಿದೆ, ಅದೂ ನಿಜ, ದಣಿವು ಎಂಬುದು ಈಗ ನಿದ್ದೆಯಿಂದ ಹೋಗುವ ವಸ್ತುವಾಗಿ ಉಳಿದಿಲ್ಲ, ಎದ್ದಾಗಲೂ ಮಗ್ಗುಲಲ್ಲೇ ಇರುತ್ತದೆ.

ಬಂದವು, ಶಟರಿನ ಕೆಳಗಿಂದ ಒಂದೊಂದಾಗಿ, ಮೊದಲು ಚೀಲಗಳು ತೂರಿ ಬಂದವು, ಆಮೇಲೆ ತಲೆಗಳು, ಶಟರ್ ಯಾಕೆ ಮೇಡಂ ಹೀಗೆ, ನಿಮಗೆ ಬಗ್ಗೋ ಅಭ್ಯಾಸ ಆಗ್ಲಿ ಅಂತ, ನಿಂತ್ಕೊಂಡು ಮಾತಾಡ್ಬೇಡಿ, ಓಡಿ, ಸುತ್ತು ಹಾಕಿ — ಕಾಲುಗಳು ಧಪಧಪ, ತಗಡಿನ ಮಾಡು ಸಣ್ಣಗೆ ನಡುಗುತ್ತದೆ, ಪಕ್ಕದ ಶೆಡ್ಡಿನಿಂದ ಹುಡುಗರ ಗಲಾಟೆ, ಅವರ ಸಾರ್‌ನ ದೊಡ್ಡ ದನಿ, ಏಯ್ ಸಾಲಲ್ಲಿ ನಿಲ್ರೋ. ಮೂಲೆಯ ಡಬ್ಬಿಯ ಮುಚ್ಚಳ ತೆಗೆದು ಇವಳು ಎರಡೂ ಕೈಗೆ ಬಿಳಿ ಪುಡಿ ಬಳಿದುಕೊಂಡಳು, ಬೆವರಿಗೆ ಕೈ ಜಾರಬಾರದು ಎಂದು ಎಲ್ಲ ಕಡೆ ಬಳಿದುಕೊಳ್ಳುವುದೇ, ಆದರೆ ಈ ಶೆಡ್ಡಿನಲ್ಲಿ ಅದಕ್ಕೆ ಇನ್ನೊಂದು ಕೆಲಸವೂ ಇದೆ, ಇವಳೇ ಮಾಡಿದ ಪದ್ಧತಿ, ಎಷ್ಟು ಕೈ ಕೊಟ್ಟೆನೋ ಅಷ್ಟು ಗುರುತು ಬೆನ್ನ ಮೇಲೆ ಬೀಳುತ್ತದೆ. ಹೊಸದಾಗಿ ಕಲಿಯುವವಳಿಗೆ ಇಡೀ ಅಂಗೈ, ಸ್ವಲ್ಪ ಧೈರ್ಯ ಬಂದ ಮೇಲೆ ಬರೀ ಬೆರಳು, ಆಮೇಲೆ ಎರಡು ಬೆರಳು, ಆಮೇಲೆ ಒಂದು ಬೆರಳಿನ ತುದಿ, ಚುಕ್ಕೆ ಇಟ್ಟ ಹಾಗೆ, ಪಲ್ಟಿ ಮುಗಿಸಿದ ತಕ್ಷಣ ಹುಡುಗಿ ಕನ್ನಡಿಗೆ ಓಡಿಹೋಗಿ ಬೆನ್ನು ತಿರುಗಿಸಿ ಕತ್ತು ಹೊರಳಿಸಿ ನೋಡಿಕೊಳ್ಳಬೇಕು, ನಾನು ಹೇಳುವುದಲ್ಲ, ನಿನ್ನ ಬೆನ್ನೇ ಹೇಳುತ್ತದೆ. ಎರಡೇ ಬೆರಳು, ಮೇಡಂ, ಎರಡೇ, ಅಂತ ಕುಣಿಯುತ್ತವೆ, ಶಾಲೆಯಲ್ಲಿ ಎಷ್ಟು ಅಂಕ ಬಂದರೂ ಹೀಗೆ ಕುಣಿಯಲ್ಲ ಇವು. ಕೊನೆಯ ದಿನ ಬೆರಳೂ ಇರುವುದಿಲ್ಲ, ಆದರೆ ಅದನ್ನು ಮೊದಲೇ ಹೇಳುತ್ತಾಳೆ, ನೋಡು, ಇವತ್ತು ಕೈ ಕೊಡಲ್ಲ, ಪಕ್ಕದಲ್ಲೇ ಇರ್ತೀನಿ, ಆದ್ರೆ ಮುಟ್ಟಲ್ಲ, ಆಗುತ್ತಾ. ಆಗುತ್ತೆ ಎಂದರೆ ಮಾತ್ರ. ಹೇಳದೆ ಕೈ ತೆಗೆಯುವುದಿಲ್ಲ, ಇದೊಂದು ಮಾತು, ಸೇರಿದ ಮೊದಲ ದಿನವೇ ಪ್ರತಿಯೊಬ್ಬಳಿಗೂ ಕೊಡುವ ಮಾತು, ಬೇರೆ ಯಾವ ಮಾತನ್ನು ಉಳಿಸಿಕೊಂಡೆನೋ ಇಲ್ಲವೋ, ಇದನ್ನು ಉಳಿಸಿಕೊಂಡಿದ್ದೇನೆ.

ಯಾಕೆಂದರೆ ಮೇಷ್ಟ್ರು — ಅಯ್ಯೋ, ಚಿಕ್ಕವಳಿದ್ದಾಗ ನನಗೆ ಪಲ್ಟಿ ಕಲಿಸಿದ ಆ ಮೇಷ್ಟ್ರು ಈಗ ಯಾಕೆ ನೆನಪಿಗೆ ಬರಬೇಕು, ಸತ್ತೇ ಎಷ್ಟೋ ಕಾಲವಾಯಿತು, ಆದರೂ ಈ ಪುಡಿಯ ಘಾಟು ಮೂಗಿಗೆ ಹೊಡೆದರೆ ಸಾಕು ಬಂದು ನಿಲ್ಲುತ್ತಾರೆ, ಮೀಸೆ, ಬನಿಯನ್ನು, ದೊಡ್ಡ ಹೊಟ್ಟೆ, ಕೆಟ್ಟವರಲ್ಲ, ಕೈ ಸ್ವಚ್ಛವಾಗಿತ್ತು, ನಂಬಿಕೆಯ ಕೈ, ಅದಕ್ಕೇ ತಾನೇ ಅಷ್ಟು ನೋವಾಗಿದ್ದು. ಮೊಣಕಾಲೂರಿ ಕೂತಿದ್ದರು, ನಾನು ಕೈ ಮೇಲೆತ್ತಿ ನಿಂತಿದ್ದೆ, ಕೈ ಇದೆಯಾ ಮೇಷ್ಟ್ರೇ, ಇದೆ, ಪಲ್ಟಿ ಹೊಡಿಯೇ, ಹೊಡೆದೆ, ನಿಂತೆ, ಎಲ್ಲರೂ ಚಪ್ಪಾಳೆ ತಟ್ಟಿದರು, ಮೇಷ್ಟ್ರು ಹೊಟ್ಟೆ ಕುಣಿಸಿಕೊಂಡು ನಕ್ಕರು, ಕೈ ಇರಲಿಲ್ಲ ಕಣೇ ಪೆದ್ದಿ, ನೀನೇ ಹಾರಿದ್ದು. ಎಲ್ಲರಿಗೂ ಖುಷಿ, ಸಿಹಿ ಹಂಚಿದರು ಬೇರೆ, ಇವಳು ಮಾತ್ರ ತನ್ನ ಪಾಲಿನ ಸಿಹಿಯನ್ನು ಬಾಯಿಗಿಡಲಿಲ್ಲ, ಮರುದಿನ ಮ್ಯಾಟಿನ ಮೇಲೆ ನಿಂತಾಗ, ಕೈ ಇದೆಯಾ ಮೇಷ್ಟ್ರೇ, ಇದೆ, ನಿಜವಾಗ್ಲೂ ಇದೆಯಾ, ಇದೆ ಅಂದ್ನಲ್ಲ, ನಂಬಿಕೆ ಬರಲಿಲ್ಲ, ಕಾಲು ನೆಲ ಬಿಡಲಿಲ್ಲ, ಆ ದಿನವೂ ಇಲ್ಲ, ಆಮೇಲಿನ ಯಾವ ದಿನವೂ ಇಲ್ಲ. ಅಲ್ಲಿಗೆ ಮುಗಿಯಿತು ಹಾರಾಟ. ಹಾರಲಾರದವಳು ಹಾರಿಸುವವಳಾದಳು ಎಂದು ಒಬ್ಬ ಅತಿಥಿ ಭಾಷಣದಲ್ಲಿ ಹೊಗಳಿದ್ದರು ಒಮ್ಮೆ, ಅವರಿಗೆ ಅದು ಚೆಂದದ ಮಾತು, ನನಗೆ ಹೊಟ್ಟೆ ಉರಿ.

ಎಲ್ಲರಿಗಿಂತ ಕೊನೆಯಲ್ಲಿ ಬಂದದ್ದು ಮಿಡತೆ, ಆ ಹೆಸರು ಇವಳೇ ಇಟ್ಟದ್ದು, ಉದ್ದ ಕಾಲು, ನಿಂತಲ್ಲಿ ನಿಲ್ಲದ ಜೀವ, ನೆಲದ ಮೇಲಿನ ಬೇರೆಲ್ಲ ಕಸರತ್ತಿನಲ್ಲೂ ಈ ಶೆಡ್ಡಿನಲ್ಲಿ ಅವಳನ್ನು ಮೀರಿಸುವವರಿಲ್ಲ, ಆದರೆ ಹಿಂದಕ್ಕೆ ಹಾರಿ ಕೈಯೂರಿ ಮತ್ತೆ ಕಾಲ ಮೇಲೆ ನಿಲ್ಲುವ ಆ ಒಂದು ಪಲ್ಟಿ ಬಂದರೆ ಮಾತ್ರ ಮುಖ ಬಿಳಿಚಿಕೊಳ್ಳುತ್ತದೆ, ಜೊತೆಯವರೆಲ್ಲ ಬೆರಳಿಗೆ ಬಂದರು, ಮಿಡತೆಗಿನ್ನೂ ಇಡೀ ಅಂಗೈ, ಪ್ರತಿದಿನ ಬೆನ್ನ ಮೇಲೆ ಇಡೀ ಬಿಳಿ ಕೈ. ಹಿಂದೆ ಅವಳಮ್ಮ ಟೈಲರಮ್ಮ, ಬಾಗಿಲ ಪಕ್ಕದ ಬೆಂಚಿನಲ್ಲಿ ಅವಳ ಜಾಗ ಖಾಯಂ, ಚೀಲದಿಂದ ಯಾರದೋ ಪ್ಯಾಂಟು ತೆಗೆದು ಅಂಚು ಹೊಲಿಯುತ್ತಾ ಕೂರುತ್ತಾಳೆ, ತಲೆ ಬಗ್ಗಿಸಿದ್ದರೂ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡಿರುತ್ತಾಳೆ. ಮಗಳ ಉಡುಪನ್ನು ಅವಳೇ ಹೊಲಿದದ್ದು, ಮಣಿಕಟ್ಟಿನವರೆಗೆ ತೋಳು, ಹಿಮ್ಮಡಿಯವರೆಗೆ ಕಾಲು, ಕಡುನೀಲಿ, ಅಂಗಡಿಯಲ್ಲಿ ಸಿಗುವಂಥದ್ದು ಬೇಡ ಮೇಡಂ, ಅದು ಬಟ್ಟೆ ಉಳಿಸೋಕೆ ಅಂತ ಹೊಲಿದಿರೋದು. ಸೇರಿಸಲು ಬಂದ ದಿನವೇ ಕಡ್ಡಿ ಮುರಿದ ಹಾಗೆ ಹೇಳಿದ್ದಳು, ನಾನು ಅಳತೆ ತಗೊಳ್ಳೋ ಹೆಂಗಸು, ದಿನಾ ಜನರ ಮೈ ಮುಟ್ಟೋ ಕೆಲಸ ನಂದು, ಕೈ ಅಂದ್ರೆ ಏನೂಂತ ನಂಗೊತ್ತು, ನಾನು ಹೊಲಿಗೆ ಕಲಿಯೋಕೆ ಹೋದಾಗ ನಂಗೆ ಕಲಿಸಿದೋನ ಕೈ ಹೇಗಿತ್ತು ಅನ್ನೋದೂ ಗೊತ್ತು, ಅದನ್ನ ಇಲ್ಲಿ ಹೇಳೋದು ಬೇಡ, ನಿಮ್ಮ ಕೈ ಇರೋ ತನಕ ಇವಳನ್ನ ಕಳಿಸ್ತೀನಿ, ನಿಮ್ಮ ಕೈ ಇಲ್ಲ ಅಂದ ದಿನ ಕಳಿಸಲ್ಲ. ಇವಳಿಗೆ ಆಗ ಕೋಪ ಬರಲಿಲ್ಲ, ಬರುವುದಕ್ಕೆ ಜಾಗವೇ ಇರಲಿಲ್ಲ ಆ ಮಾತಿನಲ್ಲಿ. ಮನೆಗೆ ಹೋದ ಮೇಲೆ ಆ ಬಿಳಿ ಗುರುತನ್ನು ಟೈಲರಮ್ಮ ತಾನೇ ಒದ್ದೆ ಬಟ್ಟೆಯಲ್ಲಿ ಒರೆಸಿ ಒಗೆದು ಇಸ್ತ್ರಿ ಹಾಕುತ್ತಾಳಂತೆ, ಒರೆಸೋಕೆ ಮುಂಚೆ ಒಂದು ಸಲ ತನ್ನ ಕೈ ಅದರ ಮೇಲಿಟ್ಟು ನೋಡ್ತಾಳೆ ಮೇಡಂ ಅಮ್ಮ, ನಿಮ್ಮ ಕೈ ದೊಡ್ಡದಾ ಅವಳದ್ದು ದೊಡ್ಡದಾ ಅಂತ, ಎಂದು ಮಿಡತೆ ನಗುತ್ತಾ ಹೇಳಿತ್ತು. ನಗುವ ಮಾತಲ್ಲ ಮಗಳೇ ಅದು.

ಸಾಲು, ಕೈ ಮೇಲೆ, ಬೆನ್ನು ನೇರ, ಹೂಂ, ಮೊದಲನೆಯವಳು, ಇವಳು ಪಕ್ಕದಲ್ಲಿ ಮೊಣಕಾಲೂರಿದಳು, ಎರಡು ಬೆರಳು, ತಂತಿ ಎಳೆಯಿತು, ಪರವಾಗಿಲ್ಲ, ಎರಡನೆಯವಳಿಗೆ ಒಂದೇ ಬೆರಳು, ಪುಣ್ಯಾತ್ಗಿತ್ತಿ, ಹೂವಿನಷ್ಟು ಹಗುರ ಬಂದು ಹೋದಳು, ಕನ್ನಡಿಗೆ ಓಡಿದಳು, ಒಂದೇ ಚುಕ್ಕೆ ಮೇಡಂ, ಕಂಡಿದೀನಿ ನಡಿ, ಸಾಲಿಗೆ ನಿಲ್ಲು. ಮೂರನೆಯವಳು ಇನ್ನೂ ನಾಲ್ಕೂ ಬೆರಳು ಕೇಳುತ್ತಾಳೆ, ಹಲ್ಲು ಕಚ್ಚಿ ಕೊಟ್ಟದ್ದಾಯಿತು. ಮಧ್ಯಾಹ್ನ ನಲ್ಲಿಯ ಹತ್ತಿರ ಕಾರ್ಯದರ್ಶಿ ಸಿಕ್ಕಿದ್ದರು, ಕ್ಲಬ್ಬಿನ ಕಾರ್ಯದರ್ಶಿ, ಸದಾ ಅವಸರ, ಕೈಯಲ್ಲಿ ಬೀಗದ ಕೈ ಗೊಂಚಲು ಆಡಿಸುವ ಚಟ, ಏನ್ ಮೇಡಂ, ಬಾಟಲಿ ಎಡಗೈಯಲ್ಲಿ ತುಂಬಿಸ್ತಿದೀರ, ಏನಿಲ್ಲ ಸಾರ್ ಸ್ವಲ್ಪ ಉಳುಕಿದೆ, ನೋಡಿ ಮೇಡಂ, ಮುಚ್ಚುಮರೆ ಬೇಡ, ಆಗಲ್ಲ ಅಂದ್ರೆ ಹೇಳ್ಬಿಡಿ, ಪಕ್ಕದ ಶೆಡ್ಡಿನ ಸಾರ್ ರೆಡಿ ಇದಾರೆ, ಹುಡುಗರ ಜೊತೆಗೆ ಹುಡುಗೀರನ್ನೂ ನೋಡ್ಕೋತಾರೆ, ನಿಮಗೆ ಆಫೀಸಿನಲ್ಲಿ ಕುರ್ಚಿ ಹಾಕಿಸ್ತೀನಿ, ಆರಾಮಾಗಿರಿ. ಆರಾಮಾಗಿ. ಕುರ್ಚಿ ಎಂದ ಕೂಡಲೇ ಇವಳ ಮೈಯೆಲ್ಲ ಒಂದು ಸಲ ಹೂಂ ಅಂದುಬಿಟ್ಟಿತ್ತು, ಬಾಯಿ ಮಾತ್ರ ಉಳುಕು ಸಾರ್, ನಾಳೆಗೆ ಸರಿಹೋಗುತ್ತೆ ಎಂದಿತು. ಪಕ್ಕದ ಶೆಡ್ಡಿನ ಸಾರ್ ಒಳ್ಳೆಯ ಮನುಷ್ಯ, ಅದೇ ಪೇಚು, ಕೆಟ್ಟವನಾಗಿದ್ದರೆ ಕೂಗಾಡಬಹುದಿತ್ತು, ಒಳ್ಳೆಯವನು ಎಂದು ನಾನು ಹೇಳಿದರೆ ಟೈಲರಮ್ಮ ಕೇಳುತ್ತಾಳೆಯೇ, ಮೊದಲು ಮಿಡತೆ ಹೋಗುತ್ತದೆ, ಅವಳ ಹಿಂದೆ ಅವಳ ಗೆಳತಿ, ಗೆಳತಿಯ ಅಪ್ಪ ಅಂತೂ ಮಗಳನ್ನು ಬಿಡಿಸಲು ನೆಪ ಹುಡುಕುತ್ತಲೇ ಇದ್ದಾನೆ, ಒಬ್ಬೊಬ್ಬಳಾಗಿ ಶಟರಿನ ಕೆಳಗಿಂದ ಹೊರಗೆ ಹೋಗುತ್ತವೆ, ಒಂದೂ ಉಳಿಯುವುದಿಲ್ಲ. ಸಹಾಯಕಿ ಬೇಕು ಸಹಾಯಕಿ ಬೇಕು ಎಂದು ಕೇಳಿ ಕೇಳಿ ನನ್ನ ಗಂಟಲು ಸವೆಯಿತು, ಇಲ್ಲಿ ಬೆಳೆದ ಹುಡುಗಿಯರೇ ಎಷ್ಟು ಮಂದಿ ಆ ಕೆಲಸಕ್ಕೆ ತಯಾರಾದರು, ಕೈ ಕೊಡುವುದನ್ನು ಕಲಿಸಿದೆ, ಎಲ್ಲಿ ಹಿಡಿಯಬೇಕು, ಯಾವಾಗ ಬಿಡಬೇಕು, ಒಬ್ಬಳಿಗೆ ಮದುವೆ, ಒಬ್ಬಳಿಗೆ ಬಸುರು, ಒಬ್ಬಳಿಗೆ ಅತ್ತೆಯ ಕಾಯಿಲೆ, ಇನ್ನೊಬ್ಬಳು ಈಗ ಬ್ಯಾಂಕಿನಲ್ಲಿದ್ದಾಳೆ, ರಸ್ತೆಯಲ್ಲಿ ಸಿಕ್ಕಿದರೆ ಮೇಡಂ ನನ್ನ ಬೆನ್ನಲ್ಲಿ ಇನ್ನೂ ನಿಮ್ಮ ಕೈ ಇದೆ ಅನ್ನುತ್ತಾಳೆ. ಇರಲಮ್ಮ, ಬೆನ್ನಲ್ಲಿಟ್ಟುಕೊಂಡು ಏನು ಮಾಡ್ತೀಯ, ಕೈಗೆ ತಂದಿದ್ದರೆ ನನಗೆ ಉಪಕಾರವಾಗುತ್ತಿತ್ತು.

ಮಿಡತೆ, ನಿನ್ನ ಸರದಿ. ಬಂತು, ಮ್ಯಾಟಿನ ಮೇಲೆ ಕಾಲು ಜೋಡಿಸಿತು, ನೀಲಿ ಬೆನ್ನು ಈಗಷ್ಟೇ ಇಸ್ತ್ರಿಯಿಂದ ಎದ್ದು ಬಂದಂತೆ ಸಪಾಟು, ಇವತ್ತಿನ ಮೊದಲ ಸಲ, ಟೈಲರಮ್ಮ ಬೆಂಚಿನಲ್ಲಿ ಹಲ್ಲಿನಿಂದ ದಾರ ಕಡಿಯುತ್ತಿದ್ದಾಳೆ, ಅವಳ ಕಡೆಗೆ ಮಗಳ ಬಲ ಪಕ್ಕ, ಇವಳು ಆಚೆ ಪಕ್ಕದಲ್ಲಿ, ಆ ಬೆಂಚಿನಿಂದ ಇವಳ ಬಲಗೈ ಕಾಣುವುದಿಲ್ಲ. ಈಗಲೇ ಹೇಳಿಬಿಡಲೇ, ಇವತ್ತು ಬೇಡ ಕಣೇ ನಾಳೆ ನೋಡೋಣ, ನಾಳೆ ಏನಾಗುತ್ತದೆ, ನಾಳೆ ಭುಜ ಹೊಸದಾಗಿ ಮೊಳೆಯುತ್ತದೆಯೇ, ಒಂದೇ ಒಂದು ಸಲ, ಇದೊಂದು ಸಲ ಹಿಡಿದುಬಿಟ್ಟರೆ ಆಮೇಲೆ ಬೆರಳಿಗೆ ಇಳಿಸಬಹುದು, ಇಷ್ಟು ದಿನವೂ ಇದನ್ನೇ ತಾನೇ ಹೇಳಿಕೊಂಡು ಬಂದದ್ದು. ಪಕ್ಕ ಬದಲಿಸಿ ಎಡಗೈ ಕೊಡಲೇ, ಎಡಗೈಗೆ ಎಲ್ಲಿ ಹಿಡಿಯಬೇಕೆಂದೇ ಗೊತ್ತಿಲ್ಲ, ಹೋದ ವಾರ ಮ್ಯಾಟಿನ ಸುರುಳಿಯನ್ನೇ ಹುಡುಗಿ ಅಂದುಕೊಂಡು ಪ್ರಯತ್ನಿಸಿ ನೋಡಿದೆ, ಸುರುಳಿ ಹೋಗಿ ಗೋಡೆಗೆ ಬಡಿಯಿತು. ಮೇಡಂ, ಎಂದಿತು ಮಿಡತೆ, ಕೈಗಳನ್ನು ಮೇಲೆತ್ತಿ, ಎದುರು ನೋಡುತ್ತಾ, ಪ್ರತಿದಿನ ಕೇಳುವುದನ್ನೇ ಪ್ರತಿದಿನದ ದನಿಯಲ್ಲೇ ಕೇಳಿತು, ಕೈ ಇದೆಯಾ ಮೇಡಂ. ಇದೆ, ಎಂದಳು ಇವಳು. ಇಡೀ ಕೈನಾ. ಇಡೀ ಕೈ. ಮಂಡಿ ಬಾಗಿತು, ತೋಳು ಬೀಸಿತು, ನೀಲಿ ಬೆನ್ನು ಹಿಂದಕ್ಕೆ ವಾಲಿ ಬಂತು, ಬರುತ್ತಿದೆ, ಕೈ ಏಳು, ಏಳು, ಏಳೇ — ಏಳಲಿಲ್ಲ. ನೋವೂ ಬರಲಿಲ್ಲ, ಅದೇ ಭಯ, ತಂತಿ ಎಳೆಯಲಿಲ್ಲ, ಏನೂ ಆಗಲಿಲ್ಲ, ತೋಳು ಯಾರದೋ ಬಿಟ್ಟುಹೋದ ಟವೆಲ್ಲಿನಂತೆ ತೊಡೆಯ ಮೇಲೆ ಬಿದ್ದಿತ್ತು, ಎಡಗೈಗೆ ಸುದ್ದಿ ಮುಟ್ಟುವುದರೊಳಗೆ ಕಣ್ಣೆದುರೇ ಆ ಬೆನ್ನು ಖಾಲಿ ಗಾಳಿಯ ಮೇಲೆ ಮಲಗಿತು, ಕತ್ತು, ಆ ಸಣ್ಣ ಕತ್ತು, ದೇವರೇ, ನೆಲಕ್ಕೆ ಕತ್ತೇ ಮೊದಲು ಮುಟ್ಟುತ್ತದೆ, ಸೀಟಿ ಹಲ್ಲಿಗೆ ಬಡಿಯಿತು, ಧಪ್, ಕೈ, ಅವಳ ಕೈಗಳು, ಮ್ಯಾಟಿಗೆ ಊರಿದವು, ಕಾಲು ಮೇಲಿಂದ ಬಂದವು, ಧಪ್, ನಿಂತಳು. ನಿಂತಳು. ಒಂದು ಹೆಜ್ಜೆ ಮುಂದಕ್ಕೆ ತೂರಾಡಿ, ತೋಳು ಮೇಲೆ, ಗಲ್ಲ ಮೇಲೆ, ನಿಂತೇಬಿಟ್ಟಳು.

ಬದುಕಿತು, ಬದುಕಿದೆ, ಕತ್ತು ಅಲ್ಲೇ ಇದೆ, ಇವಳಿನ್ನೂ ಮೊಣಕಾಲೂರಿಯೇ ಇದ್ದಾಳೆ, ಹುಡುಗಿಯರು ಹೋ ಎನ್ನುತ್ತಿದ್ದಾರೆ, ಮಿಡತೆ ಕುಣಿಯುತ್ತಿದೆ, ಕೈ ಎಷ್ಟು ಹಗುರ ಇತ್ತು ಮೇಡಂ ಇವತ್ತು, ಗೊತ್ತೇ ಆಗ್ಲಿಲ್ಲ, ಅಮ್ಮಾ ನೋಡಿದ್ಯಾ, ಇವತ್ತು ಮೇಡಂ ಕೈ ಗೊತ್ತೇ ಆಗ್ಲಿಲ್ಲ, ಟೈಲರಮ್ಮ ಸೂಜಿಯನ್ನು ಬಟ್ಟೆಗೆ ಚುಚ್ಚಿ ಅಪರೂಪಕ್ಕೆ ನಕ್ಕಳು, ನೋಡ್ದೆ ಕಣೇ, ನೋಡ್ದೆ. ಕೈ ಇರಲಿಲ್ಲ ಕಣೇ. ಬಾಯಲ್ಲಿ ಬಂದು ನಿಂತ ಮಾತು ಅದೇ, ಮೇಷ್ಟ್ರ ಮಾತು, ಅದೇ ಶಬ್ದಗಳು, ಛೀ, ನನ್ನ ಬಾಯಿಗೂ ಬಂತಲ್ಲ. ಅವರು ಆಟಕ್ಕೆ ಕೈ ತೆಗೆದರು, ನನ್ನದು ಏಳಲೇ ಇಲ್ಲ, ಬೀಳುವವಳಿಗೆ ಎರಡೂ ಒಂದೇ, ಇದೆ ಎಂದೆನಲ್ಲ, ಇಡೀ ಕೈ ಎಂದೆನಲ್ಲ. ಮೇಡಂ ಇನ್ನೊಂದ್ಸಲ ಹೊಡೀತೀನಿ, ಎಂದಿತು ಮಿಡತೆ, ಉಸಿರು ಏರಿದೆ, ಕಣ್ಣು ಹೊಳೆಯುತ್ತಿವೆ, ಮೊದಲು ಕನ್ನಡಿ ನೋಡ್ಕೊಂಡು ಬರ್ತೀನಿ, ಬೆರಳಷ್ಟೇ ಇರಬೇಕು ಇವತ್ತು, ಅಲ್ವಾ ಮೇಡಂ, ಎಷ್ಟು ಬೆರಳು, ಹೇಳ್ಬೇಡಿ ಹೇಳ್ಬೇಡಿ, ನಾನೇ ನೋಡ್ತೀನಿ.

ಕನ್ನಡಿ. ಹಾಳಾದ ಪದ್ಧತಿ, ನಾನೇ ಮಾಡಿದ್ದು, ಮಿಡತೆ ಇವಳ ಮುಂದಿನಿಂದಲೇ ಹೋಗಬೇಕು, ಹೊರಟಿದೆ, ನೀಲಿ ಬೆನ್ನು ಇವಳ ಮುಖದ ಎದುರಿಗೇ ಬಂತು, ಕೈಗೆಟುಕುವಷ್ಟು ಹತ್ತಿರ, ಒಂದು ಚುಕ್ಕೆಯೂ ಇಲ್ಲ. ಎಡಗೈ ಎದ್ದಿತು. ಪುಕ್ಕಟೆ ನೆಂಟ, ಯಾವ ಕೆಲಸಕ್ಕೂ ಬಾರದ್ದು, ಇದಕ್ಕೆ ಮಾತ್ರ ತಾನಾಗಿ ಎದ್ದಿತು, ಅಂಗೈ ತುಂಬ ಬಿಳಿ ಪುಡಿ, ಶಭಾಷ್ ಎಂದು ಬೆನ್ನು ತಟ್ಟಿದರಾಯಿತು, ಯಾವ ಕೋಚು ತಟ್ಟುವುದಿಲ್ಲ, ಒಂದು ಸಲ ತಟ್ಟಿದರೆ ಬೆರಳು ಮೂಡುತ್ತದೆ, ಎಡಗೈಯಲ್ಲವೇ, ಹೆಬ್ಬೆರಳು ಆ ಕಡೆಗಿರುತ್ತದೆ, ಇರಲಿ, ಯಾರು ನೋಡುತ್ತಾರೆ, ಟೈಲರಮ್ಮ ನೋಡುತ್ತಾಳೇನೋ, ಮನೆಯಲ್ಲಿ ಕೈಯಿಟ್ಟು ನೋಡುವಾಗ, ನೋಡಿದರೂ ಏನು ಗೊತ್ತಾಗುತ್ತದೆ, ಎಲ್ಲವೂ ಇದ್ದ ಹಾಗೇ ಇರುತ್ತದೆ, ಟೈಲರಮ್ಮ ಬೆಂಚಿನಲ್ಲಿ, ಹುಡುಗಿಯರು ಸಾಲಿನಲ್ಲಿ, ಕಾರ್ಯದರ್ಶಿಯ ಕುರ್ಚಿ ಆಫೀಸಿನಲ್ಲಿ, ಮಿಡತೆಯ ಬೆನ್ನಲ್ಲಿ ನಾಲ್ಕು ಬೆರಳು, ಖುಷಿಯಿಂದ ಓಡಿಬರುತ್ತದೆ, ಇನ್ನೊಂದ್ಸಲ ಮೇಡಂ, ಕೈ ಇದೆಯಾ ಮೇಡಂ, ಇದೆ, ಇಡೀ ಕೈನಾ, ಇಡೀ ಕೈ — ಆಮೇಲೆ. ಆಮೇಲೆ ಮಂಡಿ ಬಾಗುತ್ತದೆ, ಬೆನ್ನು ವಾಲುತ್ತದೆ, ಇದೆ ಎಂದುಕೊಂಡೇ ವಾಲುತ್ತದೆ, ಆ ಸಣ್ಣ ಕತ್ತು. ಎಡಗೈ ಬೆನ್ನಿನಿಂದ ಇಷ್ಟೇ ದೂರದಲ್ಲಿ ಗಾಳಿಯಲ್ಲಿ ನಿಂತಿದೆ, ಬೆರಳ ತುದಿಯಿಂದ ಪುಡಿ ಉದುರುತ್ತಿದೆ, ಎಷ್ಟು ದಣಿವು, ಅಮ್ಮಾ, ತಟ್ಟುವುದಕ್ಕೂ ದಣಿವು, ತಟ್ಟದಿರುವುದಕ್ಕೂ ದಣಿವು, ಇವಳು ಕೈಯನ್ನು ಹಿಂದಕ್ಕೆಳೆದುಕೊಂಡು ತನ್ನ ಪ್ಯಾಂಟಿಗೇ ಒರೆಸಿದಳು, ಗಟ್ಟಿಯಾಗಿ, ಕಪ್ಪಿನ ಮೇಲೆ ಉದ್ದಕ್ಕೂ ಬಿಳಿ ಗೀರು ಬಿತ್ತು.

ಮಿಡತೆ ಕನ್ನಡಿಯ ಮುಂದೆ ನಿಂತಿತು, ಬೆನ್ನು ತಿರುಗಿಸಿತು, ಕತ್ತು ಹೊರಳಿಸಿತು, ಒಂದು ಭುಜದಿಂದ ನೋಡಿತು, ಸಾಲದೆಂದು ಇನ್ನೊಂದು ಭುಜದಿಂದ ನೋಡಿತು, ಬಟ್ಟೆ ಮಡಚಿಕೊಂಡಿರಬಹುದೆಂದು ಹಿಂದಕ್ಕೆ ಕೈ ಹಾಕಿ ಎಳೆದು ನೋಡಿತು, ಕುಣಿಯುತ್ತಿದ್ದ ಕಾಲು ನಿಂತಿತು. ಬೆಂಚಿನಲ್ಲಿ ಟೈಲರಮ್ಮ ಎದ್ದು ನಿಂತಳು, ಮಡಿಲಿಂದ ಯಾರದೋ ಪ್ಯಾಂಟು ಜಾರಿತು. ಹೇಳಬೇಕು, ಈಗ ಹೇಳಲೇಬೇಕು, ಕೈ ಹೋಗಿದೆ ಮಗಳೇ, ನಾನು ತೆಗೆಯಲಿಲ್ಲ, ಹೋಯಿತು, ನೀನು ಹಾರಿದೆ, ಅದೂ ನಿಜ, ನೀನೇ ಹಾರಿದೆ, ಯಾವುದನ್ನು ಮೊದಲು ಹೇಳಲಿ, ಯಾವುದನ್ನು ಹೇಳಿದರೆ ನಾಳೆಯೂ ನಿನ್ನ ಕಾಲು ನೆಲ ಬಿಡುತ್ತದೆ, ಮೇಡಂ, ಎಂದಿತು ಮಿಡತೆ, ಕನ್ನಡಿಯೊಳಗಿಂದ ಇವಳನ್ನು ನೋಡುತ್ತಾ, ಮೇಡಂ, ಕೈ ಎಲ್ಲಿ, ಇವಳು ಬಾಯಿ ತೆರೆದಳು, ಕನ್ನಡಿಯಲ್ಲಿ ಆ ಬೆನ್ನು, ಒಗೆದು ಇಸ್ತ್ರಿ ಹಾಕಿದ ನೀಲಿ ಬೆನ್ನು, ಒಂದು ಬೆರಳಿನ ಗುರುತೂ ಇಲ್ಲದ ಬೆನ್ನು, ನೀಲಿ, ಬರೀ ನೀಲಿ —